ಸಂತೆ ದಿನದ ಹಾಳೆ

ಮಧುಗಿರಿಯ ಪಾರ್ಕಿಂಗ್ ಸಮೀಕ್ಷೆಯಲ್ಲಿ ಸಂತೆ ದಿನದ ಹಾಳೆಗೆ ನಾನು ಸುಳ್ಳು ತುಂಬಿದೆ. ಆ ದಿನ ನಾನು ಊರಲ್ಲೇ ಇರಲಿಲ್ಲ. ಏಳು ವರ್ಷ ಈ ಮಾತನ್ನು ಹೆಂಡತಿಗೆ ಹೇಳಿರಲಿಲ್ಲ — ಈಗ ಬರೆದುಬಿಟ್ಟೆ, ಎದೆ ಹಗುರವಾಯಿತು.

ಕಷ್ಟದ ಕೆಲಸವೇನಲ್ಲ. ಪೇಟೆ ಹಿಂದಿನ ಬಯಲಿನಲ್ಲಿ ವಾಹನ ನಿಲುಗಡೆ ಕಟ್ಟಬಹುದೇ ಎಂದು ಪುರಸಭೆಯ ಪರವಾಗಿ ನೋಡಬೇಕಿತ್ತು. ಗಂಟೆಗೊಮ್ಮೆ ಪೇಟೆ ಬೀದಿ ಸುತ್ತಿ, ನಿಂತ ಗಾಡಿಗಳ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳುವುದು. ಬಯಲನ್ನು ಯಾರಾದರೂ ಬಳಸುತ್ತಿದ್ದರೆ ಕೊನೆಯ ಕಾಲಂನಲ್ಲಿ ನಮೂದಿಸುವುದು. ಎರಡು ದಿನದ ಎಣಿಕೆ: ಒಂದು ಮಾಮೂಲಿ ದಿನ, ಮರುದಿನ ಸಂತೆ.

ಮಾಮೂಲಿ ದಿನ ಬಯಲು ಖಾಲಿ. ಹೊಂಗೆ ಮರದಡಿ ಐ.ಡಿ.ಹಳ್ಳಿಯ ಕೆಂಚಮ್ಮ ಒಬ್ಬಳೇ ಬಸ್ಸಿಗೆ ಕಾಯುತ್ತಾ ಕೂತಿದ್ದಳು. ಕುರಿ ಸಾಕುವವಳು, ಅವುಗಳಿಗೆ ಔಷಧಿ ಒಯ್ಯಲು ಬಂದಿದ್ದಳಂತೆ. ನನ್ನ ಹಾಳೆಯನ್ನೇ ದಿಟ್ಟಿಸಿದಳು.

“ಏನಪ್ಪಾ ಬರ್ಕಂತಿದೀಯ?”

ಹೇಳಿದೆ.

“ನಾಳೆ ಸಂತೇಲಿ ನಮ್ ಕುರಿ ಮಾರಕ್ಕೆ ನಿಲ್ಲೋದು ಇಲ್ಲೇ ಕಣಪ್ಪ. ಅವನ್ನೂ ಬರ್ಕಂಬುಡು. ಇಲ್ಲಾಂದ್ರೆ ನಮ್ಮನ್ನ ಎಬ್ಬಿಸ್ಬುಡ್ತಾರೆ.”

“ಬರ್ಕತೀನಿ ಕಣಮ್ಮ, ನಾಳೆ ಇಲ್ಲೇ ಇರ್ತೀನಲ್ಲ,” ಎಂದೆ.

ಇರಲಿಲ್ಲ. ಕೊರಟಗೆರೆಯಲ್ಲಿ ಗೆಳೆಯನ ಗೃಹಪ್ರವೇಶ — ಹೋಳಿಗೆ ಊಟ. ಕಾರಣ ಅಷ್ಟೇ. ಹೇಳಿಕೊಳ್ಳಲು ಇದಕ್ಕಿಂತ ಘನವಾದ ಕಾರಣವೊಂದಾದರೂ ಇದ್ದಿದ್ದರೆ... ಹೊಟ್ಟೆ ಬಿರಿಯ ತಿಂದು, ಅಲ್ಲೇ ಜಗಲಿಯ ಮೇಲೆ ಕೂತು, ಹಿಂದಿನ ದಿನದ ಹಾಳೆ ನೋಡಿಕೊಂಡು ಸಂತೆ ದಿನದ್ದನ್ನು ತುಂಬಿದೆ. ಅಲ್ಲೊಂದು ಇಲ್ಲೊಂದು ಅಂಕಿ ಬದಲಿಸಿದೆ. ಕೊನೆಯ ಕಾಲಂ ಬಂದಾಗ ಕೈ ತಡೆಯಿತು — ಕುರಿ ಎಷ್ಟೆಂದು ಬರೆಯಲಿ? ಅಂದಾಜಿಗೆ ಏನೋ ಬರೆದು ಸಿಕ್ಕಿಬಿದ್ದರೆ? ‘ಯಾರೂ ಬಳಸುತ್ತಿಲ್ಲ’ ಎಂದು ಬರೆದೆ. ನಿಜ ಗೊತ್ತಿದ್ದೂ ಬರೆದೆ.

ವರದಿ ಒಪ್ಪಿಗೆಯಾಯಿತು. ಹಾಳೆಗಳು ಅಚ್ಚುಕಟ್ಟಾಗಿವೆ ಎಂದು ಮೇಲಿನವರು ಬೆನ್ನು ತಟ್ಟಿದರು, ನಾನೂ ನಾಚಿಕೆಯಿಲ್ಲದೆ ಹಲ್ಲು ಕಿರಿದೆ. ಬಯಲಿಗೆ ಬೇಲಿ ಬಂತು, ಬಿಳಿ ಗೆರೆ ಬಂತು. ಕುರಿಯವರು ಪಾವಗಡ ರಸ್ತೆಯ ಅಂಚಿಗೆ ಹೋದರು. ಸಂತೆ ದಿನ ಆ ಕಡೆ ಹಾಯುವುದನ್ನೇ ಬಿಟ್ಟೆ.

ಹೋದ ವರ್ಷ ಅನಿವಾರ್ಯವಾಗಿ ಹಾದೆ. ಬಸ್ಸಿನ ಕಿಟಕಿಯಿಂದ ಕಂಡಿತು — ಲಾರಿಯ ಹಾರ್ನಿಗೆ ಬೆದರಿ ರಸ್ತೆಗೆ ನುಗ್ಗುತ್ತಿದ್ದ ಕುರಿಗಳನ್ನು ಕೆಂಚಮ್ಮ ಎರಡೂ ಕೈ ಚಾಚಿ ತಡೆಯುತ್ತಿದ್ದಳು. ನಮ್ಮ ಬಸ್ಸು ಅವಳ ಸೆರಗಿಗೆ ತಾಗುವಷ್ಟು ಹತ್ತಿರದಲ್ಲಿ ಹೋಯಿತು. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಮರುದಿನವೇ ಪುರಸಭೆ ಕಚೇರಿಗೆ ಹೋಗಿ, ಆ ಹಾಳೆ ಸುಳ್ಳು ಎಂದು ಬರೆದು ಸಹಿ ಹಾಕಿಕೊಟ್ಟೆ. ಅಧಿಕಾರಿ ಎರಡು ಸಲ ಓದಿ, “ಇನ್ನು ನಿಮಗೆ ನಮ್ಮ ಕೆಲಸ ಸಿಗಲ್ಲ ಕಣ್ರೀ,” ಎಂದರು. ಸರಿ ಎಂದೆ. ಮೆಟ್ಟಿಲಿಳಿಯುವಾಗ ಹಸಿವಾಯಿತು — ಎಷ್ಟೋ ಕಾಲದ ಮೇಲೆ ಚೆನ್ನಾಗಿ ಹಸಿವಾಯಿತು.

ಬೇರೆಯವರು ಬಂದು ಹೊಸದಾಗಿ ಎಣಿಸಿದರು. ಈಗ ಸಂತೆ ದಿನ ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಅಂದು ಬಯಲು ಕುರಿಗಳದ್ದು. ಮೊನ್ನೆ ಹೋಗಿ, ಅದೇ ಹೊಂಗೆ ಮರದಡಿ ಕೆಂಚಮ್ಮನ ಎದುರು ನಿಂತು ಎಲ್ಲ ಹೇಳಿದೆ. ಬೈಯಲಿ ಎಂದೇ ಹೋಗಿದ್ದೆ.

“ನೀನು ಬರ್ನಿಲ್ಲ ಅಂತ ನಂಗೊತ್ತು ಕಣಪ್ಪ,” ಎಂದಳು. “ಸಾಯಂಕಾಲಗಂಟ ಕಾದೆ. ಮಾರ್ಬುಟ್ರೆ ನಿನ್ನ ಎಣಿಕೆಗೆ ಕಮ್ಮಿಯಾಯ್ತದೆ ಅಂತ, ಬಂದ ಗಿರಾಕೀನೂ ವಾಪಸ್ ಕಳ್ಸಿದ್ದೆ.”

ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಆ ಸಂತೆ ದಿನ ಎಷ್ಟು ಕುರಿ ತಂದಿದ್ದಳೆಂದು ಕೇಳಿದೆ.

ಹದಿನಾಲ್ಕು, ಎಂದಳು. ಇಲ್ಲಿ ಬರೆದಿದ್ದೇನೆ.