ಚಿಕ್ಕಪ್ಪನ ನೀಲಿ ಕೋಟು

ಮ್ಯೂಸಿಯಂನವರು ಗಾಜಿನ ಪೆಟ್ಟಿಗೆ ತೆರೆದ ಕೂಡಲೇ ನುಸಿಗುಳಿಗೆಯ ವಾಸನೆ ಬಂತು. ಒಳಗಿದ್ದದ್ದು ಕಡುನೀಲಿ ಉಣ್ಣೆಯ ಕೋಟು, ಕತ್ತಿನವರೆಗೆ ಮುಚ್ಚುವ ಕಾಲರು, ಹಿತ್ತಾಳೆ ಗುಂಡಿಗಳು. ಸೈನ್ಯದಲ್ಲಿದ್ದ ನನ್ನ ಚಿಕ್ಕಪ್ಪ ಸಮಾರಂಭಗಳಿಗೆ ತೊಡುತ್ತಿದ್ದ ಕೋಟು ಅದು. ಅವರು ತೀರಿಕೊಂಡ ಮೇಲೆ ಚಿಕ್ಕಮ್ಮನೇ ಇಲ್ಲಿಗೆ ಕೊಟ್ಟಿದ್ದರು. ನೋಡುತ್ತಿದ್ದವರೆಲ್ಲ ಎಷ್ಟು ಚೆಂದ ಅನ್ನುತ್ತಿದ್ದರು. ನಾನು ಮಾತ್ರ ಈ ವಯಸ್ಸಿನಲ್ಲೂ ಒಂದು ಹೆಜ್ಜೆ ಹಿಂದೆ ಸರಿದೆ.

ಹನುಮಂತನಗರದ ನಮ್ಮ ಮನೆಯಲ್ಲಿ ನಡುಮನೆ ದಾಟದೆ ಅಡುಗೆಮನೆಗೆ ದಾರಿಯಿರಲಿಲ್ಲ. ಚೀನಾ ಗಡಿಯಲ್ಲಿ ಯುದ್ಧ ಶುರುವಾಗಿ ಚಿಕ್ಕಪ್ಪನ ಸುದ್ದಿ ನಿಂತುಹೋದಾಗ, ಚಿಕ್ಕಮ್ಮ ಟ್ರಂಕಿನಿಂದ ಆ ಕೋಟು ತೆಗೆದು ನಡುಮನೆಯ ಗೂಟಕ್ಕೆ ನೇತುಹಾಕಿದರು. ಕಿಟಕಿಯ ಗಾಳಿಗೆ ಅದರ ತೋಳು ಅಲ್ಲಾಡುತ್ತಿತ್ತು. ತಲೆಯಿಲ್ಲದ ಯಾರೋ ನಿಂತಿದ್ದಾರೆ ಅನಿಸಿ ನಾನು ಕಣ್ಣು ಮುಚ್ಚಿಕೊಂಡು ಓಡುತ್ತಿದ್ದೆ. "ಒಳಗಿಡೇ, ನೋಡೋಕಾಗಲ್ಲ" ಎಂದು ಅಜ್ಜಿ ಬೇಡಿಕೊಂಡರು. "ಅವರು ಬಂದು ಹಾಕ್ಕೋತಾರೆ ಅತ್ತೆ, ಇರಲಿ" ಅಂದರು ಚಿಕ್ಕಮ್ಮ. ಅಷ್ಟು ಗಟ್ಟಿ ಹೆಂಗಸು, ಗೇಟು ಕಿರ್ರೆಂದರೆ ಸಾಕು, ಕೈಯಲ್ಲಿದ್ದ ಪಾತ್ರೆ ಹಿಡಿದು ಹಾಗೇ ನಿಂತುಬಿಡುತ್ತಿದ್ದರು. ಬಂದದ್ದು ಟೆಲಿಗ್ರಾಂನವನಲ್ಲ, ಹೂವಿನವಳೋ ಹಾಲಿನವನೋ ಎಂದು ತಿಳಿಯುವವರೆಗೆ ಮನೆಯಲ್ಲಿ ಯಾರೂ ಕೆಲಸಕ್ಕೆ ಮರಳುತ್ತಿರಲಿಲ್ಲ.

ಚಿಕ್ಕಪ್ಪ ಚೀನೀಯರ ಸೆರೆಯಲ್ಲಿದ್ದು ಬೇಸಿಗೆಗೆ ಮರಳಿದರು. ಸೊರಗಿ ಅರ್ಧ ಆಳಾಗಿದ್ದರು. ಬೀದಿಯವರು ಸೇರಿ ಸನ್ಮಾನ ಇಟ್ಟುಕೊಂಡರು; ಅದೇ ಕೋಟಿನಲ್ಲಿ ಬರಬೇಕೆಂದು ಹಟ ಹಿಡಿದರು. ಆ ಸಂಜೆ ಕಾಫಿ ಕೊಡಲು ನಾನು ನಡುಮನೆಗೆ ಹೋದೆ. ಚಿಕ್ಕಪ್ಪ ಕೋಟು ತೊಟ್ಟು ಕಾಲರಿನ ಕೊಕ್ಕೆ ಹಾಕುತ್ತಿದ್ದರು. ಅಷ್ಟರಲ್ಲಿ ಬಾಗಿಲ ಮುಂದೆ ಯಾರೋ ಸರಪಟಾಕಿ ಹಚ್ಚಿದರು. ನೋಡನೋಡುತ್ತ ಚಿಕ್ಕಪ್ಪ ಮೂಲೆಯ ಅಕ್ಕಿ ಡಬ್ಬದ ಪಕ್ಕ ಕುಸಿದು, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡರು. ಹಲ್ಲು ಕಟಕಟ ಅನ್ನುತ್ತಿತ್ತು. ದೊಡ್ಡವರೂ ಹೀಗೆ ಹೆದರುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಚಿಕ್ಕಮ್ಮ ಬಂದು ಬಾಗಿಲು ಹಾಕಿದರು. ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು ಒಂದೊಂದೇ ಗುಂಡಿ ಬಿಚ್ಚತೊಡಗಿದರು.

"ರೀ, ಮನೇಲಿದೀರಿ. ಎಲ್ಲೂ ಹೋಗೋದು ಬೇಡ."

"ಹೊರಗೆ ಜನ ಕಾಯ್ತಿದಾರಲ್ಲೇ..."

"ಕಾಯಲಿ ಬಿಡಿ." ಆಮೇಲೆ ನನ್ನ ಕಡೆ ತಿರುಗಿ, "ಪುಟ್ಟಿ, ಚಿಕ್ಕಪ್ಪಂಗೆ ಜ್ವರ ಅಂತ ಹೇಳಿ ಬಾ" ಅಂದರು.

ಹೇಳಿ ಬಂದೆ. ಕೋಟು ಟ್ರಂಕು ಸೇರಿತು. ಅದರ ಮಾತನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಆ ವರ್ಷದಿಂದ ದೀಪಾವಳಿ ಬಂದರೆ ಚಿಕ್ಕಪ್ಪ, ಚಿಕ್ಕಮ್ಮ ನನ್ನನ್ನೂ ಕರೆದುಕೊಂಡು ಊರಾಚೆಯ ಹುಳಿಮಾವಿಗೆ ಹೊರಟುಬಿಡುತ್ತಿದ್ದರು. ಆಗ ಅದು ಬರೀ ಹಳ್ಳಿ. ಪರಿಚಯದ ರೈತರೊಬ್ಬರ ಮನೆಯಲ್ಲಿ ಉಳಿದು, ಮುಸ್ಸಂಜೆಗೆ ಕೆರೆ ಏರಿಯ ಮೇಲೆ ಕೂರುತ್ತಿದ್ದೆವು. ಕಪ್ಪೆಗಳ ಸದ್ದು ಬಿಟ್ಟರೆ ಏನೂ ಇಲ್ಲ. ಈಗ ಆ ಇಬ್ಬರೂ ಇಲ್ಲ, ನಮ್ಮ ಮನೆ ಇದ್ದ ಜಾಗದಲ್ಲಿ ಬೇರೆ ಯಾರದೋ ಕಟ್ಟಡ ಎದ್ದಿದೆ. ಆಗ ಆ ಏರಿಯ ಮೇಲೆ ಕತ್ತಲಾಗುತ್ತ ಬಂದಾಗ ಚಿಕ್ಕಪ್ಪ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು.

"ಭಯ ಆಗ್ತಿದೆಯೇನೇ?"

"ಇಲ್ಲ ಚಿಕ್ಕಪ್ಪ."

"ನಂಗೂ ಇಲ್ಲ," ಅನ್ನುತ್ತಿದ್ದರು, ಕೈ ಮಾತ್ರ ಬಿಡುತ್ತಿರಲಿಲ್ಲ.