ನಲ್ಲಿಯಣ್ಣ ಮುಚ್ಚಿದ ಗಾಳಿ

ಆ ಐದು ಮಹಡಿಯ ಕಟ್ಟಡದಲ್ಲಿ ಯಾವ ಪೈಪು ಎಲ್ಲಿ ತಿರುಗುತ್ತದೆ, ಯಾರ ಮನೆಯ ಬಚ್ಚಲು ಯಾವಾಗ ಕಟ್ಟಿಕೊಳ್ಳುತ್ತದೆ ಎಂಬುದು ಕಟ್ಟಿಸಿದವನಿಗಿಂತ ಚೆನ್ನಾಗಿ ಗೊತ್ತಿದ್ದದ್ದು ನಲ್ಲಿಯಣ್ಣನಿಗೆ. ಹೆತ್ತವರು ಇಟ್ಟ ಹೆಸರನ್ನು ಅಲ್ಲಿ ಯಾರೂ ಕೇಳಿದವರಲ್ಲ. ನಲ್ಲಿ ಸೋರಿದರೆ ಬರುವ ಅಣ್ಣ, ಅಷ್ಟೇ.

ಅವನನ್ನು ಅಲ್ಲಿಗೆ ಕರೆತಂದವಳು ಅಕ್ಕ. ಅವಳು ಮೂರನೆಯ ಮಹಡಿಯ ಟೀಚರಮ್ಮನ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಂದು ದಿನ ಸಿಂಕು ಕಟ್ಟಿಕೊಂಡು ಟೀಚರಮ್ಮ ತಲೆಮೇಲೆ ಕೈ ಹೊತ್ತು ನಿಂತಾಗ, "ನನ್ನ ತಮ್ಮ ಇದಾನೆ ಅಮ್ಮ, ಮಾತು ಕಮ್ಮಿ, ಕೆಲಸ ಚೊಕ್ಕ" ಎಂದಳು. ಹದಿನೈದು ವರ್ಷ ಆ ಮಾತು ಸುಳ್ಳಾಗದಂತೆ ಅವನು ನೋಡಿಕೊಂಡ. ಮಾತು ಕಮ್ಮಿ ಎಂಬ ಭಾಗವನ್ನಂತೂ ಅತಿಯಾಗಿಯೇ ಉಳಿಸಿಕೊಂಡ.

ಕಟ್ಟಡದ ಹಿಂಬದಿಯಲ್ಲಿ ಬಚ್ಚಲುಮನೆಗಳು ಒಂದರ ಮೇಲೊಂದು ಬರುತ್ತವೆ. ಅವುಗಳ ಬೆನ್ನಿಗೆ ಅಂಟಿಕೊಂಡು, ನೆಲದಿಂದ ತಾರಸಿಯವರೆಗೆ, ಬಾವಿಯನ್ನು ಮೇಲ್ಮುಖವಾಗಿ ಕಟ್ಟಿದಂಥ ಇಕ್ಕಟ್ಟಾದ ಜಾಗವೊಂದಿದೆ. ಎಲ್ಲರ ಬಾಯಲ್ಲಿ ಅದು 'ಡಕ್ಟು'. ಪೈಪುಗಳು ಅಲ್ಲೇ ಇಳಿಯುತ್ತವೆ. ಐದೂ ಮನೆಯ ಎಕ್ಸಾಸ್ಟ್ ಫ್ಯಾನುಗಳು ಅದರೊಳಕ್ಕೇ ಗಾಳಿ ಉಗುಳುತ್ತವೆ. ಆ ಗಾಳಿ ತಾರಸಿಯ ಮೇಲಿನ ತೆರೆದ ಬಾಯಿಂದ ಹೊರಗೆ ಹೋಗಬೇಕು.

ಆ ಬಾಯಲ್ಲಿ ಪಾರಿವಾಳ ಗೂಡು ಕಟ್ಟಿತು, ಮಳೆ ನೀರು ಸುರಿಯಿತು, ದೂರುಗಳು ಬಂದವು. ನಿವಾಸಿಗಳ ಸಂಘದ ಸೆಕ್ರೆಟರಿ ನಲ್ಲಿಯಣ್ಣನನ್ನು ಕರೆದು, "ಒಂದು ಹುಳ ನುಸುಳಬಾರದು, ಒಂದು ಹನಿ ಬೀಳಬಾರದು, ಹಾಗೆ ಮುಚ್ಚು" ಎಂದರು. ಸುತ್ತ ಕೈಯಗಲ ಜಾಗ ಬಿಟ್ಟು, ಅದಕ್ಕೆ ಜಾಲರಿ ಹೊಡೆದು, ಮೇಲೆ ಶೀಟು ಹಾಕಬೇಕೆಂಬುದು ನಲ್ಲಿಯಣ್ಣನಿಗೆ ಗೊತ್ತಿತ್ತು. ಚೀಲದಲ್ಲಿ ಜಾಲರಿ ಇರಲಿಲ್ಲ. ಸೆಕ್ರೆಟರಿ ಪಕ್ಕದಲ್ಲೇ ನಿಂತು ಹೊಗಳುತ್ತಿದ್ದರು. ಫೈಬರ್ ಶೀಟು ಹಾಸಿ, ಸುತ್ತ ಅಂಟು ಹಚ್ಚಿ, ಡಬ್ಬಿಗೆ ಮುಚ್ಚಳ ಬಿಗಿದ ಹಾಗೆ ಬಿಗಿದ. ಜಾಲರಿ ತಂದಾಗ ಬಿಡಿಸಿದರಾಯಿತು ಅಂದುಕೊಂಡ.

"ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು ಕಣಯ್ಯಾ" ಎಂದರು ಸೆಕ್ರೆಟರಿ. ಜಾಲರಿ ಮರೆತೇಹೋಯಿತು.

ಆಮೇಲೆ ರೋಗ ಬಂತು. ಮೊದಲು ಮಲಗಿದ್ದು ಒಂದನೆಯ ಮಹಡಿಯವರು. ಕೋಣೆಯಲ್ಲಿ ಗಾಳಿ ಆಡುತ್ತಿರಲಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರಿಂದ ಪಾಪ, ಅವರು ಹಗಲಿಡೀ ಬಚ್ಚಲಿನ ಫ್ಯಾನು ಓಡಿಸಿದರು. ಎರಡನೆಯ ಮಹಡಿಗೆ ಬೀಗ. ಹತ್ತು ದಿನದೊಳಗೆ ಮೂರನೆಯ ಮಹಡಿಯ ಟೀಚರಮ್ಮ, ನಾಲ್ಕನೆಯ ಮಹಡಿಯ ಬ್ಯಾಂಕಿನವರು, ಐದರ ಅಜ್ಜ, ಒಬ್ಬರ ಹಿಂದೊಬ್ಬರು ಮಲಗಿದರು. ಟೀಚರಮ್ಮ ಮತ್ತೆ ಏಳಲಿಲ್ಲ.

ಸಾವಾದ ಮೇಲೆ ಕಾರಣ ಬೇಕು. ಕಾರಣ ಬಡವರದಾದರೆ ಹುಡುಕುವ ಶ್ರಮ ಕಮ್ಮಿ. ಅಕ್ಕ ಒಂದನೆಯ ಮಹಡಿಯಲ್ಲೂ ಕೆಲಸ ಮಾಡುತ್ತಿದ್ದಳು, ಮೂರನೆಯದರಲ್ಲೂ ಮಾಡುತ್ತಿದ್ದಳು. ಸಾಕಲ್ಲ! ಬ್ಯಾಂಕಿನವರ ಹೊಸ್ತಿಲನ್ನು ಅವಳು ಒಮ್ಮೆಯೂ ದಾಟಿರಲಿಲ್ಲ ಎಂದರೆ, "ಲಿಫ್ಟು ಮುಟ್ಟಿರ್ತಾಳೆ ಬಿಡಿ" ಎಂಬ ಉತ್ತರ ಸಿದ್ಧವಿತ್ತು. ಒಂದು ಬೆಳಿಗ್ಗೆ ಗೇಟಿನ ಒಳಗಿಂದಲೇ ಸೆಕ್ರೆಟರಿ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಮನೆಮನೆಗೆ ಹಂಚಿದ್ದು ಸಾಕು. ಇನ್ನು ಈ ಕಡೆ ತಲೆ ಹಾಕ್ಬೇಡ."

ಅವಳು ಚಪ್ಪಲಿ ಹಾಕಿಕೊಂಡು ತಿರುಗಿ ಹೋದಳು. ಗೇಟಿನ ಪಕ್ಕದಲ್ಲೇ ಮೀಟರಿನ ಬಳಿ ಕೂತಿದ್ದ ತಮ್ಮ ಪೈಪಿನ ತಿರುಪು ಬಿಗಿಯುವುದರಲ್ಲಿ ಮುಳುಗಿದವನಂತೆ ತಲೆ ತಗ್ಗಿಸಿದ. ಆಗ ಅವನಿಗೂ ನಿಜ ಗೊತ್ತಿರಲಿಲ್ಲ. ಆದರೂ ತಲೆ ತಗ್ಗಿಸಿದ್ದು ತಗ್ಗಿಸಿದ್ದೇ.

ಅವಳು ಹೋದ ಮೇಲೂ ಆ ಮನೆಗಳಲ್ಲಿ ಒಬ್ಬಿಬ್ಬರು ಮಲಗಿದರು. ಮೂರು ವಾರದ ಮೇಲೆ ಚೇತರಿಸಿಕೊಂಡ ಬ್ಯಾಂಕಿನವರು ಕರೆದರು. "ಫ್ಯಾನು ತಿರುಗುತ್ತೆ, ಹೊಗೆ ಹೋಗಲ್ಲ. ಕೆಳಗಿನೋರು ಸಿಗರೇಟು ಸೇದಿದ್ರೆ ನಾನು ಕೆಮ್ಮಬೇಕು, ಇದ್ಯಾವ ನ್ಯಾಯ?" ಎಂದು ನಕ್ಕರು. ನಲ್ಲಿಯಣ್ಣ ಫ್ಯಾನು ನಿಲ್ಲಿಸಿ, ಸ್ಟೂಲು ಹತ್ತಿ, ಕಿಂಡಿಯ ಮುಂದೆ ಬೆಂಕಿಕಡ್ಡಿ ಗೀರಿದ. ಜ್ವಾಲೆ ಡಕ್ಟಿನ ಕಡೆಗೆ ಬಾಗಬೇಕಿತ್ತು. ಅದು ಅವನ ಮುಖದ ಕಡೆಗೆ ಬಾಗಿತು. ಇನ್ನೊಂದು ಗೀರಿದ. ಅದೂ ಹಾಗೆಯೇ. ಬೆರಳು ಸುಟ್ಟಿತು.

ಕೆಳಗಿನವರು ಬಿಟ್ಟ ಉಸಿರಿಗೆ ಮೇಲೆ ದಾರಿ ಇಲ್ಲ. ಅದು ಸಿಕ್ಕಿದ ಕಿಂಡಿಯಲ್ಲಿ ಸಿಕ್ಕಿದವರ ಮನೆಗೆ ನುಗ್ಗುತ್ತಿದೆ. ಟೀಚರಮ್ಮನ ಮನೆಗೂ ನುಗ್ಗಿರಬೇಕು. ರೋಗ ಬೇರೆ ದಾರಿಯಲ್ಲೂ ಬಂದಿರಬಹುದು, ಯಾರು ಕಂಡಿದ್ದಾರೆ? ಆದರೆ ಈ ದಾರಿಯನ್ನು ಮಾಡಿಕೊಟ್ಟದ್ದು ಯಾರೆಂದು ಅವನಿಗೆ ಗೊತ್ತು.

ಆಗಲೇ ಬಾಯಿ ಬಿಟ್ಟಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಅಂಗಡಿಗೆ ಹೋಗಿ ಜಾಲರಿ ತಂದ, ತಾರಸಿ ಹತ್ತಿ ಶೀಟು ಕಿತ್ತ, ಕೈಯಗಲ ಜಾಗ ಬಿಟ್ಟು ಸರಿಯಾಗಿ ಕೂರಿಸಿದ. ಯಾರೋ ಕೇಳಿದ್ದಕ್ಕೆ "ಸಣ್ಣ ರಿಪೇರಿ" ಎಂದ. ತಪ್ಪು ಸರಿಯಾಯಿತು, ಗುಟ್ಟೂ ಉಳಿಯಿತು ಎಂದು ಸಮಾಧಾನ ಮಾಡಿಕೊಂಡ.

ಆ ಗುಟ್ಟೇ ಅಕ್ಕನ ಕೊರಳಿಗೆ ಸುತ್ತಿಕೊಂಡಿತು. ಆಮೇಲೆ ಆ ಸಾಲಿನಲ್ಲಿ ಯಾರೂ ಮಲಗಲಿಲ್ಲ. ಸೆಕ್ರೆಟರಿ ಸಿಕ್ಕಸಿಕ್ಕವರ ಹತ್ತಿರ ಹೇಳಿದರು: "ನೋಡಿ, ಆ ಹೆಂಗಸನ್ನ ನಿಲ್ಲಿಸಿದ್ವಿ, ರೋಗಾನೂ ನಿಂತಿತು. ಇನ್ನೇನು ಸಾಕ್ಷಿ ಬೇಕು?" ಅಕ್ಕನಿಗೆ ಆ ಬೀದಿಯಲ್ಲಷ್ಟೇ ಅಲ್ಲ, ಮುಂದಿನ ಎರಡು ಬೀದಿಗಳಲ್ಲೂ ಕೆಲಸ ಸಿಗಲಿಲ್ಲ. ಕೊನೆಗೆ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವ ಕಡೆ ಸೇರಿದಳು.

ಎಂಟು ತಿಂಗಳ ಮೇಲೆ, ಒಂದು ಸಂಜೆ, ತಾರಸಿಯ ಮೇಲೆ ಸಂಘದ ಸಭೆ. ಮುಂದೆ ಇಂಥ ರೋಗ ಬಂದರೆ ಕಟ್ಟಡ ತಡೆದುಕೊಳ್ಳುವಂತೆ ಮಾಡುವುದು ಹೇಗೆಂಬುದೇ ವಿಷಯ. ಕಾಲಿನಿಂದ ಒತ್ತುವ ನಲ್ಲಿಯನ್ನು ಗೇಟಿಗೆ ಜೋಡಿಸುವುದು ಹೇಗೆಂದು ವಿವರಿಸಲು ನಲ್ಲಿಯಣ್ಣನನ್ನೂ ಕರೆದಿದ್ದರು. ಸೆಕ್ರೆಟರಿ ಓದುತ್ತಾ ಹೋದರು: ಕೆಲಸದವರಿಗೆ ಬೇರೆ ಗೇಟು, ಅವರಿಗೆ ಲಿಫ್ಟು ಬೇಡ, ಅವರ ಜ್ವರ ದಿನಾ ನೋಡಬೇಕು. ಗಾಳಿಯ ಮಾತು ಒಂದು ಸಾಲೂ ಇರಲಿಲ್ಲ. ಗೋಡೆಯ ಮೇಲೆ ತಪ್ಪು ಹೊರಿಸಿದರೆ ಗೋಡೆಯ ಒಡೆಯರ ಮೇಲೂ ಬರುತ್ತದಲ್ಲ.

"ನಲ್ಲಿ ಎಲ್ಲಿ ಕೂರಿಸ್ತೀಯಪ್ಪ, ಹೇಳು."

ನಲ್ಲಿಯಣ್ಣ ಎದ್ದು ನಿಂತ. "ಡಕ್ಟು ಮುಚ್ಚಿದ್ದು ನಾನು ಸಾರ್" ಎಂದ.

"ಅದು ಹಳೇ ವಿಷಯ. ಈಗ್ಯಾಕೆ?"

"ಗಾಳಿಗೆ ಜಾಗ ಬಿಡ್ಲಿಲ್ಲ. ಒಂದನೇ ಮಹಡಿ ಗಾಳಿ ಮೇಲಿನ ಮನೆಗಳಿಗೆ ಹೋಗ್ತಿತ್ತು. ಕಡ್ಡಿ ಗೀರಿ ನೋಡಿದೀನಿ. ಆಮೇಲೆ ಕದ್ದು ಬಿಚ್ಚಿದ್ದೂ ನಾನೇ. ರೋಗ ನಿಂತಿದ್ದು ಆ ವಾರದಿಂದ. ನಮ್ಮಕ್ಕನ ನಿಲ್ಲಿಸಿದ್ದಕ್ಕಲ್ಲ."

ಬ್ಯಾಂಕಿನವರು, "ಅವತ್ತು ಸ್ಟೂಲಿನ ಮೇಲೆ ನಿನ್ನ ಮುಖ ನೋಡಿದ್ದೆ. ಬೆರಳು ಸುಟ್ಟಿದ್ದಕ್ಕೆ ಅಂದ್ಕೊಂಡೆ" ಎಂದರು. ಸೆಕ್ರೆಟರಿ ಕೆಂಪಾಗಿ, "ನಾನು ಮುಚ್ಚು ಅಂದೆ, ಉಸಿರು ಕಟ್ಟಿಸು ಅಂದ್ನಾ?" ಎಂದು ರೇಗಿದರು.

"ಅದಕ್ಕೇ ತಪ್ಪು ನಂದು ಅಂತಿದೀನಿ. ಗೇಟಲ್ಲಿ ಕೂಗಿದ್ದು ಮಾತ್ರ ನಿಮ್ಮದು."

ಅವನ ಜನ್ಮದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಡಕ್ಟನ್ನು ವರ್ಷಕ್ಕೆರಡು ಸಲ ಪರೀಕ್ಷಿಸುವುದು, ಬಚ್ಚಲಿನ ಗಾಳಿ ಹಿಂದಕ್ಕೆ ಬರದ ಹಾಗೆ ಕಿಂಡಿಗೆ ರೆಪ್ಪೆಯಂಥ ಮುಚ್ಚಳ ಹಾಕಿಸುವುದು, ಅಕ್ಕನ ಮನೆಗೆ ಹೋಗಿ ತಪ್ಪಾಯಿತು ಎನ್ನುವುದು, ಇಷ್ಟನ್ನು ಸಭೆ ಬರೆದುಕೊಂಡಿತು. ಮೊದಲೆರಡು ಆದವು.

ಮರುದಿನ ಅವನೇ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಅವಳ ಮುಖ ಅರಳುತ್ತದೆ, ಎಂಟು ತಿಂಗಳ ಭಾರ ಇಳಿಯುತ್ತದೆ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದ. ಅವಳು ಬಟ್ಟೆ ಮಡಿಸುತ್ತಿದ್ದ ಕೈ ನಿಲ್ಲಿಸಿದಳು.

"ನಿಂಗೆ ಗೊತ್ತಾಗಿದ್ದು ಯಾವತ್ತು?"

"ಕಡ್ಡಿ ಗೀರಿದ ದಿನ."

"ಅವತ್ತು ಮಧ್ಯಾಹ್ನ ನೀನು ಇಲ್ಲಿಗೆ ಊಟಕ್ಕೆ ಬಂದಿದ್ದೆ."

ಅವನು ಮಡಿಸಿಟ್ಟ ಬಟ್ಟೆಯೊಂದರ ಅಂಚು ಸರಿಮಾಡಿದ.

"ಟೀಚರಮ್ಮನ್ನ ನಾನೇ ಸಾಯಿಸಿದೆ ಅಂದ್ಕೊಂಡಿದ್ದೆ ಕಣೋ. ಎಲ್ಲರೂ ಹೇಳಿದ ಮೇಲೆ ಇರಬೇಕು ಅನ್ನಿಸ್ತು. ಕೈ ತೊಳೆದೂ ತೊಳೆದೂ ಚರ್ಮ ಸುಲಿದಿತ್ತು. ಅದನ್ನ ನೋಡಿ, 'ಮುಲಾಮು ಹಚ್ಚಕ್ಕಾ' ಅಂದವನು ನೀನು."

"ತಪ್ಪಾಯ್ತಕ್ಕಾ."

"ಶೀಟು ಹಾಕಿದ್ದನ್ನ ಮಾಫಿ ಮಾಡ್ತೀನಿ. ಕೆಲಸ ಅಂದ್ರೆ ತಪ್ಪಾಗುತ್ತೆ. ಆ ಊಟ ಇದ್ಯಲ್ಲ, ಅದು ಗಂಟಲಿಂದ ಇಳೀತಿಲ್ಲ." ಅವಳು ಮತ್ತೆ ಮಡಿಸತೊಡಗಿದಳು. "ಹೋಗು ಈಗ. ಸಿಟ್ಟು ಇಳಿದಾಗ ನಾನೇ ಫೋನ್ ಮಾಡ್ತೀನಿ. ಅಲ್ಲೀತನಕ ಬರಬೇಡ."

ಮೊದಲೆಲ್ಲ ಕೆಲಸದ ಹೊತ್ತಿನಲ್ಲಿ ಅವನ ಫೋನು ಸ್ಪಾನರುಗಳ ಜೊತೆ ಚೀಲದ ತಳದಲ್ಲಿರುತ್ತಿತ್ತು. ಈಗ ಅಂಗಿಯ ಜೇಬಿನಲ್ಲಿರುತ್ತದೆ. ಸಿಂಕಿನ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುವಾಗ ಅದು ಜಾರಿ ಎದೆಯ ಮೇಲಿಂದ ನೀರಿಗೆ ಬೀಳುತ್ತದೆ. ಒರೆಸಿ, ನಡೆಯುತ್ತಿದೆಯೇ ಎಂದು ನೋಡಿ, ಮತ್ತೆ ಅಲ್ಲಿಯೇ ಇಡುತ್ತಾನೆ.