ತೂತಪ್ಪ ಪಂಚು ಕಳಚಿದ್ದು

ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ತೂತಪ್ಪ. ಮೂತ್ರ ಹೊರಗೆ ತೆಗೆಯುವ ಕ್ಯಾಥೆಟರ್ ಅಂದರೆ ಪೆನ್ನಿನ ರೀಫಿಲ್ಲಿಗಿಂತ ತುಸು ದಪ್ಪದ ಮೆತ್ತನೆ ಪೈಪು. ಅದರ ತುದಿ ಮುಚ್ಚಿರುತ್ತದೆ, ತುದಿಯ ಪಕ್ಕದಲ್ಲಿ ಎರಡು ತೂತು. ಆ ತೂತು ಹೊಡೆಯುವ ಉಕ್ಕಿನ ಪಂಚನ್ನು ಕಡೆದು, ಸಾಣೆ ಹಿಡಿದು, ಯಂತ್ರಕ್ಕೆ ಕೂರಿಸುವುದು ಅವನ ಕೆಲಸ. ಪಂಚು ಸಿದ್ಧವಾದ ಮೇಲೆ ಅದರ ಅಂಚನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡುವನು. ಉಗುರಿನ ಸಿಪ್ಪೆ ಎದ್ದರೆ ಪಾಸು. ಚೂಪು ಅಂಚು, ಚೊಕ್ಕ ತೂತು. ಇದರಲ್ಲಿ ತನ್ನನ್ನು ಮೀರಿಸುವವನಿಲ್ಲ ಎಂಬ ಜಂಬ ಅವನಿಗಿತ್ತು, ಇಟ್ಟುಕೊಳ್ಳುವಷ್ಟು ಕಸುಬೂ ಇತ್ತು.

ಅವನ ತಂಗಿ ದರ್ಜಿ. ಐದು ವರ್ಷದ ಹಿಂದೆ ಅಂಗಡಿಯ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು. ಸೊಂಟದ ಕೆಳಗೆ ಚಲನೆಯೂ ಹೋಯಿತು, ಅರಿವೂ ಹೋಯಿತು. ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ. ಆರು ತಿಂಗಳಲ್ಲಿ ಗಾಲಿ ಕುರ್ಚಿಯಲ್ಲಿ ಅಂಗಡಿಗೆ ವಾಪಸಾಗಿ, ಹೊಲಿಗೆ ಯಂತ್ರಕ್ಕೆ ಮೊಣಕೈಯಲ್ಲಿ ಒತ್ತುವ ಸ್ವಿಚ್ಚು ಹಾಕಿಸಿಕೊಂಡಳು. ದಿನಕ್ಕೆ ಐದು ಸಲ ಪರದೆಯ ಹಿಂದೆ ಹೋಗಿ, ಅಣ್ಣನ ಕಾರ್ಖಾನೆಯದೇ ಪೈಪು ಹಾಕಿಕೊಂಡು ಮೂತ್ರ ಖಾಲಿ ಮಾಡಿಕೊಂಡು ಬರುವಳು. ಮುಗಿಸಿ ಬಂದು ಕತ್ತರಿ ಹಿಡಿಯುವಳು.

ಆ ವರ್ಷ ಮೂರನೇ ಸಲ ಚಳಿಜ್ವರ ಬಂತು. ಡಾಕ್ಟರಮ್ಮ ಸ್ಕ್ಯಾನಿನ ತೆರೆ ತೋರಿಸಿದರು. ಪೈಪು ಹಾಕಿ ತೆಗೆದ ಮೇಲೂ ನಿಂಬೆಹಣ್ಣಿನಷ್ಟು ಕಪ್ಪು, ಅಂದರೆ ಖಾಲಿಯಾಗದ ಮೂತ್ರ, ಒಳಗೇ ಉಳಿದಿತ್ತು.

"ಕೈ ಸರಿಯಾಗಿ ತೊಳ್ಕೊತೀರಾ?"

"ನನ್ನ ಕೈ ನಿಮ್ಮ ಮೇಜಿಗಿಂತ ಚೊಕ್ಕ ಇದೆ ಡಾಕ್ಟ್ರೇ."

ಆ ಪ್ರಶ್ನೆ ಯಾವತ್ತೂ ರೋಗಿಗೇ. ಪೈಪನ್ನು ನಿಲ್ಲಿಸಿ ಯಾರೂ ಕೇಳುವುದಿಲ್ಲ. ಡಾಕ್ಟರಮ್ಮ ಕೆಟ್ಟವರಲ್ಲ, ಇದ್ದದ್ದನ್ನು ಹೇಳಿದರು: ಹೀಗೇ ಮೂತ್ರ ಉಳಿದು ಸೋಂಕಾಗುತ್ತಾ ಹೋದರೆ ಕಿಡ್ನಿ ಕೆಡುತ್ತದೆ. ಇನ್ನೊಂದು ಇಂಥ ಜ್ವರ ಬಂದರೆ ಕೆಳಹೊಟ್ಟೆಗೆ ರಂಧ್ರ ಮಾಡಿ ಕಾಯಂ ಪೈಪು, ಅದಕ್ಕೊಂದು ಚೀಲ.

ತಂಗಿ ಹೊರಗೆ ಬಂದವಳೇ ಜೊತೆಗಿದ್ದ ಅಣ್ಣನ ಕಡೆ ಕುರ್ಚಿ ತಿರುಗಿಸಿದಳು. "ಆ ಚೀಲ ಎಷ್ಟೋ ಜನಕ್ಕೆ ಒಳ್ಳೇದೇ ಆಗಿದೆ, ಇಲ್ಲ ಅನ್ನಲ್ಲ. ನನಗೆ ಬೇಡ. ನನ್ನ ಕೆಲಸ ನಾನೇ ಮಾಡ್ಕೊಂಡು ಬಂದಿದೀನಿ. ಇನ್ನೊಂದು ಮಾತು. ಪೈಪಿನ ಜೊತೆ ಕೆಂಪು ಎಳೆ ಬರುತ್ತೆ, ರಕ್ತ. ನನಗೆ ನೋವು ತಿಳಿಯಲ್ಲ ಅಂತ ಅದು ಕಚ್ಚಲ್ಲ ಅಂತಲ್ಲ."

"ನಮ್ಮಲ್ಲಿ ಪ್ರತಿ ಪೈಪನ್ನೂ ಗಾಜಿನ ಜಾಡಿಲಿ ಇಟ್ಟು ನೀರು ಬಿಟ್ಟು ನೋಡ್ತೀವಿ ಕಣೇ. ಒಂದು ಹನಿ ಉಳಿಯಲ್ಲ."

"ನಾನು ಗಾಜಿನ ಜಾಡಿ ಅಲ್ಲ ಅಣ್ಣ."

ತೂತಪ್ಪನಿಗೆ ಆ ಮಾತು ನಾಟಿತು. ಆದರೂ ಕಸುಬಿನವನ ತಲೆ ಮೊದಲು ಓಡುವುದು ಕಸುಬಿನ ದಾರಿಯಲ್ಲೇ. ನೀರು ಸರಿಯಾಗಿ ಇಳಿಯುತ್ತಿಲ್ಲವೆಂದರೆ ತೂತು ಸಣ್ಣದಾಯಿತು ಎಂದುಕೊಂಡ. ಒಂದೂವರೆ ಪಟ್ಟು ದೊಡ್ಡ ಪಂಚು ಮಾಡಿ, ಉಗುರಿನ ಸಿಪ್ಪೆ ಎಬ್ಬಿಸಿ, ಪೈಪಿಗೆ ತೂತು ಹೊಡೆದು ಅದನ್ನು ಜಾಡಿಯಲ್ಲಿಟ್ಟ. ನೀರು ಧೋ ಎಂದು ಸುರಿಯಿತು. ಎರಡು ದಿನ ಮೀಸೆ ತಿರುವಿಕೊಂಡು ಓಡಾಡಿದ.

ಮೂರನೇ ದಿನ ತಂಗಿಯ ಔಷಧಿ ತರಲು ಹೋದವನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಜ್ಯೂಸಿನ ಪ್ಯಾಕೆಟ್ಟು ಕೊಂಡು ಸ್ಟ್ರಾ ಚುಚ್ಚಿ ಹೀರಿದ. ಅರ್ಧಕ್ಕೇ ನಿಂತಿತು. ಅಲ್ಲಾಡಿಸಿದರೆ ಒಳಗೆ ಇನ್ನೂ ಗುಳುಗುಳು. ಪ್ಯಾಕೆಟ್ಟನ್ನು ಹರಿದು ನೋಡಿದ. ಅದರ ತೆಳು ಗೋಡೆ ಸ್ಟ್ರಾದ ಬಾಯಿಗೆ ಹೋಗಿ ಅಂಟಿಕೊಂಡು ಕೂತಿತ್ತು. ಅಂಗಿಯ ಮೇಲೆ ಜ್ಯೂಸು ಸುರಿಯುತ್ತಿದ್ದರೂ ಅವನು ಹಾಗೇ ನಿಂತಿದ್ದ.

ಮೂತ್ರಕೋಶ ಜಾಡಿಯಲ್ಲ, ಚೀಲ. ಖಾಲಿಯಾಗುತ್ತಾ ಕುಗ್ಗುತ್ತದೆ. ಕುಗ್ಗಿದ ಗೋಡೆ ತೂತಿನೊಳಗೆ ಎಳೆದುಕೊಳ್ಳುತ್ತದೆ, ದಾರಿ ಮುಚ್ಚುತ್ತದೆ. ಹಾಗೆ ಎಳೆದುಕೊಂಡ ಮೆತ್ತನೆ ಗೋಡೆಯನ್ನು ಉಗುರಿನ ಸಿಪ್ಪೆ ಎಬ್ಬಿಸುವ ಅಂಚು ಕೊಯ್ಯುತ್ತದೆ. ಇಪ್ಪತ್ತೆರಡು ವರ್ಷ ಬೆನ್ನು ತಟ್ಟಿಸಿಕೊಂಡ ಚೂಪು ಅದು.

ಮನೆಗೆ ಬಂದವನು ತೆಳು ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಬಾಯಿಗೆ ಪೈಪು ಸಿಕ್ಕಿಸಿ, ದಾರ ಬಿಗಿದು ತಲೆಕೆಳಗಾಗಿ ಹಿಡಿದ. ಹಳೇ ಪೈಪು ಮುಕ್ಕಾಲಿಗೆ ನಿಂತಿತು. ಅವನ ಹೊಸ ದೊಡ್ಡ ತೂತು ಅರ್ಧಕ್ಕೇ ನಿಂತಿತು. ಯಾರಿಗೂ ಹೇಳಲಿಲ್ಲ. ತಂಗಿಗೆ ಮಾತ್ರ ಹೇಳಿದ.

"ಅಂದ್ರೆ ನಿನ್ನ ಹೊಸ ಪೈಪು ಹಳೇದಕ್ಕಿಂತ ದಂಡ."

"ಹೂಂ."

"ಒಪ್ಕೊಂಡ್ಯಲ್ಲ, ಅಷ್ಟು ಸಾಕು. ಈಗ ಏನು ಬೇಕು?"

"ನಿನ್ನ ಹೊಲಿಗೆ ಮಷೀನಿನ ಸೂಜಿ. ಮುರಿದಿದ್ದಾದ್ರೂ ಪರವಾಗಿಲ್ಲ."

ಎರಡು ದೊಡ್ಡ ಬಾಯಿಯ ಬದಲು ಸುತ್ತಲೂ ಮೂವತ್ತು ಸಣ್ಣ ಬಾಯಿ. ಹತ್ತು ಮುಚ್ಚಿದರೂ ಇಪ್ಪತ್ತು ಹರಿಯಲಿ. ಇದು ಅವನ ಲೆಕ್ಕ. ಕತ್ತರಿಸುವುದೇ ಬೇಡ, ಕರಗಿಸೋಣ ಎಂದುಕೊಂಡ. ಸೂಜಿಗಳ ಕಣ್ಣಿನ ಭಾಗ ಕತ್ತರಿಸಿ, ಉಳಿದದ್ದನ್ನು ಸಾಣೆಗೆ ಕೊಟ್ಟು ಗುಂಡಗೆ ಮಾಡಿ, ಹಿತ್ತಾಳೆಯ ಬಿಲ್ಲೆಗೆ ನೆಟ್ಟು ಕಾಯಿಸಿದ. ಕಾದ ಸೂಜಿ ಪೈಪಿಗೆ ಇಳಿದು ಹೊರಗೆ ಬಂದರೆ ತೂತಿನ ಅಂಚು ತುಟಿಯ ಹಾಗೆ ಗುಂಡಗೆ. ಮೊದಲಿಗೆ ಪೈಪುಗಳು ಸೊಟ್ಟಗಾದವು, ಮನೆಯೆಲ್ಲ ಸುಟ್ಟ ವಾಸನೆ, ಹೆಂಡತಿ ಅವನನ್ನೂ ಸೂಜಿಯನ್ನೂ ಒಟ್ಟಿಗೆ ಹೊರಗೆ ಹಾಕಿದಳು. ನಲವತ್ತೊಂದನೇ ಪೈಪಿಗೆ ಚೀಲ ಪೂರ್ತಿ ಖಾಲಿಯಾಗಿ, ಅದರ ಎರಡು ಗೋಡೆಗಳು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿದವು.

ತಂಗಿ ಕೈ ಚಾಚಿದಳು. "ಕೊಡು, ನಾನೇ ಹಾಕ್ಕೊಂಡು ನೋಡ್ತೀನಿ."

"ಕೊಡಲ್ಲ."

"ಮೈ ನಂದು."

"ಪೈಪು ನಂದು. ಹಿತ್ತಲಲ್ಲಿ ಸುಟ್ಟಿದ್ದನ್ನ ಮೈಯೊಳಗೆ ಹಾಕೋ ಹಾಗಿಲ್ಲ. ಸುಟ್ಟ ತುಣುಕು ಉದುರುತ್ತೋ ಏನೋ, ನನಗೇ ಗೊತ್ತಿಲ್ಲ. ಪರೀಕ್ಷೆ ಆಗ್ಬೇಕು."

ಅವಳು ಒಂದು ವಾರ ಮುನಿಸಿಕೊಂಡಿದ್ದಳು. ಎಂಟನೇ ದಿನ, ಆ ಪರೀಕ್ಷೆ ಮಾಡಿಸಿ ಎಂದು ಮ್ಯಾನೇಜರರನ್ನು ಕೇಳಲು, ತಾನೇ ಕಾರ್ಖಾನೆಯ ಗೇಟಿಗೆ ಬಂದಳು.

ಮ್ಯಾನೇಜರರಿಗೆ ಬೇರೆ ಚಿಂತೆ. "ಪಂಚು ನಿಮಿಷಕ್ಕೆ ಅರವತ್ತು ಪೈಪು ಹೊಡೆಯುತ್ತೆ ಕಣಪ್ಪ. ನಿನ್ನ ಸೂಜಿ ಆರು. ನಮ್ಮ ಪೈಪು ಪರೀಕ್ಷೆಲಿ ಪಾಸಾಗ್ತಾ ಇದೆಯಲ್ಲ?"

ತಂಗಿ ಕಾರ್ಖಾನೆಯ ಪಾಸಾದ ಪೈಪೊಂದನ್ನು ತರಿಸಿ, ನೀರು ತುಂಬಿದ ಚೀಲಕ್ಕೆ ಕಟ್ಟಿ, ಮ್ಯಾನೇಜರರ ಲೋಟದ ಮೇಲೆ ಹಿಡಿದಳು. ಹರಿಯಿತು, ತೊಟ್ಟಿಕ್ಕಿತು, ನಿಂತಿತು.

"ಇನ್ನೂ ಇದೆಯಲ್ಲ ಒಳಗೆ," ಎಂದರು ಮ್ಯಾನೇಜರರು.

"ಅದೇ ನನ್ನ ಜ್ವರ ಸಾರ್. ಐದು ವರ್ಷದಿಂದ ನಿಮ್ಮ ಪೈಪು ಪಾಸು, ನಾನು ಫೇಲು."

ಮ್ಯಾನೇಜರರು ಆ ಲೋಟವನ್ನು ಮೇಜಿನ ಆಚೆ ತುದಿಗೆ ಸರಿಸಿದರು. ಸೂಜಿಯ ಬಿಲ್ಲೆಯನ್ನು ಕೈಗೆತ್ತಿಕೊಂಡರು.

ಮುಂದೆ ಹದಿನಾರು ತಿಂಗಳು. ಬಿಲ್ಲೆ ಒಂದಿದ್ದದ್ದು ಹತ್ತಾಯಿತು, ಪ್ರಯೋಗಾಲಯ ಕಸ ಉದುರುವುದಿಲ್ಲವೆಂದು ಬರೆದುಕೊಟ್ಟಿತು, ಆಸ್ಪತ್ರೆ ಒಪ್ಪಿ ಕೆಲವು ರೋಗಿಗಳಿಗೆ ಕೊಟ್ಟು ನೋಡಿತು. ಪೇಟೆಂಟ್ ಹಕ್ಕಿನ ಕಾಗದದ ಮೇಲೆ ಕಂಪನಿಯ ಹೆಸರು ದಪ್ಪಗೆ, ಇವನದು ಮೂರನೇ ಸಾಲಿನಲ್ಲಿ, ಅದೂ ತಪ್ಪಾಗಿ. ದುಡಿದವನ ಹೆಸರು ಎಲ್ಲಿ ಬೀಳುತ್ತದೆ ಎಂದು ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಅಷ್ಟೂ ದಿನ ತಂಗಿ ಹಳೇ ಪೈಪನ್ನೇ ಹಾಕಿಕೊಂಡು, ಮಧ್ಯೆ ಅದನ್ನು ತುಸು ಹಿಂದೆ ಎಳೆದು, ತಿರುಗಿಸಿ, ಹೊಟ್ಟೆ ಒತ್ತಿ, ಜ್ವರವನ್ನು ಹೊಸ್ತಿಲ ಆಚೆಯೇ ನಿಲ್ಲಿಸಿದಳು. ಆಮೇಲೆ ಅವಳ ಸರದಿಯೂ ಬಂತು, ಮೊಹರು ಮಾಡಿದ ಪೊಟ್ಟಣದಲ್ಲಿ.

ಮೂರು ತಿಂಗಳ ಮೇಲೆ ಸ್ಕ್ಯಾನಿನ ತೆರೆಯಲ್ಲಿ ನಿಂಬೆಹಣ್ಣಿನ ಜಾಗದಲ್ಲಿ ಬಟಾಣಿಯಷ್ಟು ಕಪ್ಪು. ಕೆಂಪು ಎಳೆ ಇಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದರು. "ಹೊಟ್ಟೆಗೆ ಪೈಪು ಹಾಕೋ ಮಾತು ಬಿಡೋಣ."

ಮಾರನೆಯ ದಿನ ತೂತಪ್ಪ ಯಂತ್ರದಿಂದ ಹಳೇ ಪಂಚು ಕಳಚಿದ. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ಮ್ಯಾನೇಜರರನ್ನು ಕೇಳಿ ಜೇಬಿಗೆ ಹಾಕಿಕೊಂಡು ತಂಗಿಯ ಅಂಗಡಿಗೆ ಹೋದ. ಅವಳು ಅದನ್ನು ತಿರುಗಿಸಿ ನೋಡಿ, ಅವನ ಹಾಗೆಯೇ ಹೆಬ್ಬೆರಳ ಉಗುರಿನ ಮೇಲೆ ಎಳೆದಳು. ಸಿಪ್ಪೆ ಎದ್ದಿತು. ಗಿರಾಕಿಯೊಬ್ಬನ ಚರ್ಮದ ಬೆಲ್ಟು ಮೇಜಿನ ಮೇಲಿತ್ತು. ಪಂಚು ಇಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕಿದಳು.

"ಒಳ್ಳೇ ಸಾಮಾನು ಅಣ್ಣ," ಎಂದು ತೂತಿನ ಚೂರನ್ನು ಊದಿದಳು. "ಬೆಲ್ಟಿಗೆ. ಈಗ ಆಚೆ ಹೋಗು, ನಾನು ಪರದೆ ಹಿಂದೆ ಹೋಗ್ಬೇಕು."